ಐದನೇ ದನಿ

ಹಾಸಿಗೆ ಹೊಲಿಯುವ ಅಣ್ಣತಮ್ಮಂದಿರ ಮನೆಯಲ್ಲಿ ಆರು ತಿಂಗಳ ಅಂತರದಲ್ಲಿ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಅಣ್ಣನ ಮಗಳಿಗೆ ಮಾತು ಬೇಗ ಬಂತು, ತಮ್ಮನ ಮಗಳಿಗೆ ತಡವಾಗಿ. ಅಣ್ಣನ ಮಗಳು ಐದು ವರ್ಷಕ್ಕೇ ಕಂಡವರ ದನಿ ಹಿಡಿದು ಹಾಗೆಯೇ ಆಡಿ ತೋರಿಸುತ್ತಿದ್ದಳು. ಗೊಗ್ಗರು ದನಿಯ ಅಂಚೆಯವ, ಮೂಗಿನಲ್ಲಿ ಮಾತಾಡುವ ನರ್ಸು, ಅರಳೆ ಮೂಟೆ ಇಳಿಸುವ ಲಾರಿಯವ, ಯಾರಾದರೂ ಸರಿ. ಅವಳು ಗೋಡೆಯಾಚೆ ನಿಂತು ಬಾಯಿಬಿಟ್ಟರೆ ಯಾರೋ ಬಂದರೆಂದು ಮನೆಯವರು ಎದ್ದು ಬಾಗಿಲು ತೆಗೆಯಬೇಕು. ಹಾಗಾಗಿ ಅವಳಿಗೆ ರೇಡಿಯೋ ಎಂದೇ ಹೆಸರಾಯಿತು. ತಮ್ಮನ ಮಗಳು ಮೈಯಲ್ಲೂ ಸಣ್ಣ, ದನಿಯಲ್ಲೂ ಸಣ್ಣ. ಅವಳು ಗುಬ್ಬಿ.

ಇಬ್ಬರೂ ಒಂದೇ ಶಾಲೆಯಲ್ಲಿ ಓದಿ, ಒಂದೇ ವರ್ಷ ವಿಶ್ವವಿದ್ಯಾಲಯಕ್ಕೆ ಸೇರಿದರು. ಹಾಸ್ಟೆಲಿನಲ್ಲಿ ಒಂದೇ ಕೋಣೆ ಸಿಕ್ಕಿತು. ಯಾವ ವಿಷಯ ತೆಗೆದುಕೊಂಡರೂ ಇಂಗ್ಲಿಷ್ ಮಾತ್ರ ಎಲ್ಲರಿಗೂ ಕಡ್ಡಾಯ. ಅದರಲ್ಲಿ ಪಾಸಾಗದವರಿಗೆ ಮುಂದಿನ ವರ್ಷವಿಲ್ಲ. ಗುಬ್ಬಿಗೆ ಇಂಗ್ಲಿಷ್ ಕಣ್ಣಿನಿಂದ ಬಂದಿತ್ತು, ರೇಡಿಯೋಗೆ ಕಿವಿಯಿಂದ. ಗುಬ್ಬಿ ಬರೆದ ಪ್ರಬಂಧದಲ್ಲಿ ಒಂದು ಅಲ್ಪವಿರಾಮ ಕೂಡ ತಪ್ಪಿರುತ್ತಿರಲಿಲ್ಲ, ಆದರೆ ಅದನ್ನೇ ಎದ್ದು ನಿಂತು ಓದು ಎಂದರೆ ಗಂಟಲು ಕಟ್ಟುತ್ತಿತ್ತು. ರೇಡಿಯೋ ಎರಡು ಸಾಲು ನೆಟ್ಟಗೆ ಬರೆಯಲಾರಳು, ಆದರೆ ಸುದ್ದಿ ಓದುವವರನ್ನು ಕೇಳಿ ಕೇಳಿ ಅವರ ಹಾಗೆಯೇ ಉರುಳಿಸಿ ಮಾತಾಡುವಳು. ಹೀಗಾಗಿ ಗುಬ್ಬಿ ಇಬ್ಬರ ಪ್ರಬಂಧವನ್ನೂ ಬರೆಯುವುದು, ರೇಡಿಯೋ ಅಂಗಡಿ, ಆಫೀಸು, ಬ್ಯಾಂಕು ಎಂದು ಇಬ್ಬರ ಪರವಾಗಿಯೂ ಮಾತಾಡುವುದು ರೂಢಿಯಾಯಿತು.

"ತಲೆ ನಂದು, ನಾಲಿಗೆ ನಿಂದು ಅಕ್ಕ. ಇಬ್ರೂ ಸೇರಿದ್ರೆ ಒಬ್ಬಳು ಪಾಸಾಗ್ತಾಳೆ" ಎಂದು ಗುಬ್ಬಿ ನಗುತ್ತಿದ್ದಳು.

ಮೊದಲ ವರ್ಷ ಹಾಗೇ ಕಳೆಯಿತು. ಎರಡನೇ ವರ್ಷಕ್ಕೆ ರೇಡಿಯೋ ಕಿಟಕಿ ಪಕ್ಕದ ಬೆಂಚಿಗೆ ಹೋದಳು. ಅಲ್ಲಿ ಕೂರುವವರು ಐದಾರು ಮಂದಿ, ಎಲ್ಲರೂ ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಓದಿದವರು. ಅವರಿಗೆಲ್ಲ ಮುಂದಾಳು ಒಬ್ಬ ಡಾಕ್ಟರ ಮಗಳು. ಹಾಸ್ಟೆಲಿನ ಊಟದ ಕೋಣೆಯಲ್ಲಿ ಅವರದೇ ಒಂದು ಮೇಜು, ಅದಕ್ಕೊಂದು ಕಟ್ಟಳೆ: ಆ ಮೇಜಿನಲ್ಲಿ ಬಾಯಿತಪ್ಪಿ ಮನೆಮಾತು ಬಂದರೆ, ಆಡಿದವರು ಅವತ್ತು ಎಲ್ಲರ ತಟ್ಟೆ ತೊಳೆಯಬೇಕು. ರೇಡಿಯೋ ಒಂದು ದಿನವೂ ತಟ್ಟೆ ತೊಳೆಯಲಿಲ್ಲ. ಅವಳ ಅಪ್ಪ 'ಗೃಹೋಪಯೋಗಿ ವಸ್ತುಗಳ ವ್ಯಾಪಾರಿ' ಎಂದು ಆ ಮೇಜಿಗೆ ಗೊತ್ತಿತ್ತು. ಸುಳ್ಳೇನಲ್ಲ, ಹಾಸಿಗೆಯೂ ಮನೆಗೆ ಬೇಕಾದದ್ದೇ.

ಒಂದು ದಿನ ಗುಬ್ಬಿ ತಟ್ಟೆ ಹಿಡಿದು ಆ ಮೇಜಿನ ಹತ್ತಿರ ಬಂದಳು. "ಅಕ್ಕಾ, ಚಿಕ್ಕಮ್ಮನ ಕಾಲ್ ಬಂದಿತ್ತು, ನಿನ್ನ ಫೋನ್ ಆಫಂತೆ" ಎಂದಳು. ಅವಳು ಚಿಕ್ಕಮ್ಮ ಎಂದದ್ದು ತನ್ನ ಸ್ವಂತ ತಾಯಿಯನ್ನೇ, ರೇಡಿಯೋ ಕರೆಯುವ ಹಾಗೆ. ಹುಟ್ಟಿದಾಗಿನಿಂದ ಅಕ್ಕನ ಬಾಯಿಂದ ಕೇಳಿ ಅಂಟಿಕೊಂಡ ಅಭ್ಯಾಸ. ಮೇಜಿನವರು ತುಟಿ ಕಚ್ಚಿಕೊಂಡು ರೇಡಿಯೋ ಮುಖ ನೋಡಿದರು. ಯಾವ ಮಾತಿನಲ್ಲಿ ಉತ್ತರ ಕೊಡುತ್ತಾಳೆ ಎಂದು ನೋಡುವ ಆಟ ಅದು. ರೇಡಿಯೋ ಇಂಗ್ಲಿಷಿನಲ್ಲಿ, "ಆಮೇಲೆ ನೋಡುತ್ತೇನೆ, ಥ್ಯಾಂಕ್ಯೂ" ಎಂದಳು, ಬಾಗಿಲಿಗೆ ಬಂದ ಸೇಲ್ಸ್‌ನವನಿಗೆ ಹೇಳುವ ಹಾಗೆ.

ಸಂಜೆ ಕೋಣೆಯಲ್ಲಿ ಅವಳೇ ಮಾತು ತೆಗೆದಳು. "ನೋಡು, ಅಲ್ಲೆಲ್ಲ ಅಕ್ಕ ಅನ್ನಬೇಡ. ಹಾಯ್ ಅಂದ್ರೆ ಸಾಕು."

"ಅಕ್ಕನಿಗೆ ಯಾರಾದ್ರೂ ಹಾಯ್ ಅಂತಾರಾ?" ಗುಬ್ಬಿಗೆ ನಗು ಬಂತು. ರೇಡಿಯೋ ನಗಲಿಲ್ಲ. ಗುಬ್ಬಿಗೆ ಅರ್ಥವಾಯಿತು. ಮಾರನೇ ದಿನದಿಂದ ಅವಳು ಅಕ್ಕ ಎನ್ನಲೂ ಇಲ್ಲ, ಹಾಯ್ ಎನ್ನಲೂ ಇಲ್ಲ. ದೂರದ ಮೇಜಿನಲ್ಲಿ ಕೂತು ಉಂಡೆದ್ದು ಹೋಗುತ್ತಿದ್ದಳು. ಪ್ರಬಂಧಗಳನ್ನು ಮಾತ್ರ ಎಂದಿನಂತೆ ಬರೆದಿಡುತ್ತಿದ್ದಳು.

ಆ ವರ್ಷ ಇಂಗ್ಲಿಷ್ ವಿಭಾಗದ ಮೇಡಂ ಡಾಕ್ಟರೇಟಿಗೆಂದು ಒಂದು ಸಂಶೋಧನೆ ಮಾಡುತ್ತಿದ್ದರು. ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳು ಬೇರೆಯವರ ಮಾತು ಕೇಳಿ ಅವರ ಬಗ್ಗೆ ಏನೆಂದುಕೊಳ್ಳುತ್ತಾರೆ ಎನ್ನುವುದು ವಿಷಯ. ಒಂದೇ ಪುಟವನ್ನು ಐದು ದನಿಯಲ್ಲಿ ಓದಿಸಿ ರೆಕಾರ್ಡ್ ಮಾಡುವುದು, ಓದಿದವರು ಯಾರೆಂದು ಹೇಳದೆ ತರಗತಿಗೆ ಕೇಳಿಸುವುದು, ಪ್ರತಿ ದನಿಗೂ ಅಂಕ ಕೊಡಿಸುವುದು. ಓದುವುದಕ್ಕೆ ಯಾರು ಬರುತ್ತೀರಿ ಎಂದು ಮೇಡಂ ಕೇಳಿದಾಗ ಕಿಟಕಿ ಬೆಂಚಿನವರೆಲ್ಲ ಕೈ ಎತ್ತಿದರು. ಮೇಡಂ ಗುಬ್ಬಿಯನ್ನೂ ಕೇಳಿದರು. ಅವಳು ತಲೆ ಅಲ್ಲಾಡಿಸಿ ಕೂತುಬಿಟ್ಟಳು.

ಎರಡು ದಿನ ಬಿಟ್ಟು ಮೇಡಂ ರೇಡಿಯೋಳನ್ನು ಲ್ಯಾಬಿಗೆ ಕರೆದರು. ಗೋಡೆಗೆಲ್ಲ ತೂತಿನ ಹಲಗೆ ಬಡಿದ ಸಣ್ಣ ಕೋಣೆ, ಒಂದು ಮೈಕು, ಒಂದು ಕುರ್ಚಿ. ಪುಟದಲ್ಲಿದ್ದದ್ದು ಇಷ್ಟೇ: ಒಬ್ಬ ಹೆಂಗಸು ರೈಲ್ವೆ ಸ್ಟೇಷನ್ನಿನಲ್ಲಿ ಪೆಟ್ಟಿಗೆ ಕಳೆದುಕೊಂಡು ವಿಚಾರಿಸುವುದು. ರೇಡಿಯೋ ಸುದ್ದಿಯವರ ಹಾಗೆ ಗಡಗಡನೆ ಓದಿ ಮುಗಿಸಿದಳು. ಮೇಡಂಗೆ ತೃಪ್ತಿಯಾಯಿತು.

"ಈಗ ನಿನ್ನಿಂದ ಇನ್ನೊಂದು ಕೆಲಸ ಆಗ್ಬೇಕು" ಎಂದರು. "ಐದು ದನಿ ಅಂತ ಹೇಳಿದ್ರೂ ನಿಜವಾಗಿ ಇರೋದು ನಾಲ್ಕೇ ಜನ. ಎರಡು ದನಿ ಒಬ್ಬರದ್ದೇ ಆಗಿರ್ಬೇಕು. ಮನುಷ್ಯ ಅವನೇ, ಉಚ್ಚಾರಣೆ ಮಾತ್ರ ಬೇರೆ ಆದಾಗ ಕೇಳೋರು ಅಂಕ ಹೇಗೆ ಬದಲಾಯಿಸ್ತಾರೆ, ಅದೇ ನನ್ನ ಪ್ರಯೋಗದ ಜೀವ. ಇದನ್ನೇ ನೀನು ಇಂಗ್ಲಿಷ್ ಸರಿಯಾಗಿ ಬಾರದೋರ ಹಾಗೆ ಓದ್ಬೇಕು."

ರೇಡಿಯೋ ಓದಿದಳು. ಪ್ರತಿ ಪದದ ಬಾಲಕ್ಕೂ ಒಂದು 'ಉ' ಅಂಟಿಸಿದಳು, ಸ್ಟೇಷನ್ನನ್ನು ಇಸ್ಟೇಸನ್ನು ಮಾಡಿದಳು. ಮೇಡಂ ನಡುವೆಯೇ ನಿಲ್ಲಿಸಿದರು.

"ಇದು ನಾಟಕದಲ್ಲಿ ಕೋಡಂಗಿ ಮಾತಾಡಿದ ಹಾಗಿದೆ. ನಿಜವಾದ ಒಬ್ಬರನ್ನ ಮನಸಲ್ಲಿಟ್ಕೊ. ಅವರು ಓದೋ ಹಾಗೆ ಓದು."

ರೇಡಿಯೋ ಪುಟ ನೋಡುತ್ತ ಕೂತಳು. ಬೇರೆ ಯಾರನ್ನಾದರೂ ನೆನೆಯಬೇಕೆಂದುಕೊಂಡಳು. ಆದರೆ ಹುಟ್ಟಿದಾಗಿನಿಂದ ಪಕ್ಕದಲ್ಲೇ ಮಲಗಿದ್ದವಳ ದನಿ ಕಿವಿಯಲ್ಲಿ ಮನೆ ಮಾಡಿರುವಾಗ ಬೇರೆಯದು ಎಲ್ಲಿಂದ ಬರಬೇಕು? ಗುಬ್ಬಿ ಪ್ರತಿ ಸಾಲಿಗೂ ಮುಂಚೆ, ಬಿಸಿ ಲೋಟ ಮುಟ್ಟಿದವರ ಹಾಗೆ, ಸ್ಸ್ ಎಂದು ಉಸಿರೆಳೆದುಕೊಳ್ಳುವಳು. ಸಾಲಿನ ಕೊನೆಯನ್ನು ತುಸು ಮೇಲಕ್ಕೆತ್ತುವಳು, ಇದು ಸರಿಯೇ ಎಂದು ಕೇಳುವ ಹಾಗೆ. ಕಷ್ಟದ ಪದ ಬಂದರೆ ಅದರ ಮೊದಲಕ್ಷರವನ್ನು ಎರಡು ಸಲ ಮುಟ್ಟಿ ಆಮೇಲೆ ಪೂರ್ತಿ ಹೇಳುವಳು. ರೇಡಿಯೋ ಸ್ಸ್ ಎಂದು ಉಸಿರೆಳೆದು ಓದತೊಡಗಿದಳು.

ಮೊದಲ ಎರಡು ಸಾಲು ಮೈಯೆಲ್ಲ ಮುಳ್ಳು ಚುಚ್ಚಿದ ಹಾಗಾಯಿತು. ಮೂರನೆಯದಕ್ಕೆ ಅದು ಹೋಗಿ ಬೇರೊಂದು ಬಂತು. ಕೈಗೆ ಸರಿಯಾದ ಉಪಕರಣ ಸಿಕ್ಕಿದ ಕಸುಬಿಯ ಖುಷಿ ಅದು. ಪೆಟ್ಟಿಗೆ ಕಳೆದುಕೊಂಡ ಹೆಂಗಸು ಅವಳ ಬಾಯಲ್ಲಿ ನಿಜಕ್ಕೂ ದಿಕ್ಕುತಪ್ಪಿದವಳ ಹಾಗೆ ಕೇಳಿಸಿದಳು. ಎಲ್ಲಿಯೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಓದಿ ಮುಗಿಸಿದಾಗ ಮೇಡಂ ಚಪ್ಪಾಳೆ ತಟ್ಟಿದರು.

"ಯಾರನ್ನ ನೆನೆಸ್ಕೊಂಡೆ?" ಎಂದು ಕೇಳಿದರು.

"ಯಾರನ್ನೂ ಇಲ್ಲ ಮೇಡಂ. ಸುಮ್ಮನೆ."

"ನಿನ್ನ ಹೆಸರು ಎಲ್ಲೂ ಬರಲ್ಲ. ನೀನೂ ಯಾರ ಹತ್ರಾನೂ ಹೇಳಬಾರದು" ಎಂದರು ಮೇಡಂ. ಅವರು ಹೇಳದಿದ್ದರೂ ರೇಡಿಯೋ ಹೇಳುತ್ತಿರಲಿಲ್ಲ.

ಮುಂದಿನ ವಾರ ದೊಡ್ಡ ಹಾಲಿನಲ್ಲಿ ಅರವತ್ತಮೂರು ಮಂದಿ ಕೂತರು. ಎಲ್ಲರಿಗೂ ಒಂದೊಂದು ಇಂಗ್ಲಿಷ್ ಹಾಳೆ, ಹೆಸರು ಬರೆಯುವಂತಿಲ್ಲ. ಈ ದನಿಯವರು ಎಷ್ಟು ಬುದ್ಧಿವಂತರು, ಎಷ್ಟು ನಂಬಬಹುದು ಎಂದು ಹತ್ತಕ್ಕೆ ಅಂಕ ಕೊಡಬೇಕು. ಇವರೊಂದಿಗೆ ಒಂದೇ ಕೋಣೆಯಲ್ಲಿ ಇರುತ್ತೀರಾ, ಇವರು ಮುಂದೆ ಯಾವ ಕೆಲಸ ಮಾಡಿಯಾರು ಎಂಬ ಪ್ರಶ್ನೆಗಳಿಗೆ ಒಂದೊಂದು ಸಾಲು ಬರೆಯಬೇಕು. ರೇಡಿಯೋಳ ಸುದ್ದಿಯವರ ಓದು ಎರಡನೆಯದಾಗಿ ಬಂತು. ಇಡೀ ತರಗತಿ ಸದ್ದಿಲ್ಲದೆ ಕೇಳಿತು. ಯಾರೋ ಮೆಚ್ಚಿ ಉಫ್ ಎಂದರು. ಮೂರು, ನಾಲ್ಕು ಬಂದು ಹೋದವು.

ಐದನೆಯದು ಸ್ಸ್ ಎಂದು ಉಸಿರೆಳೆದುಕೊಂಡಿತು.

ಹಿಂದಿನ ಬೆಂಚಿನಲ್ಲಿ ಒಬ್ಬ ಕಿಸಕ್ಕೆಂದ. ಎರಡನೇ ಸಾಲಿಗೆ ಇನ್ನು ನಾಲ್ವರು ನಕ್ಕರು. ಮೂರನೆಯದಕ್ಕೆ ತಲೆಗಳು ಒಂದೊಂದಾಗಿ ಹೊರಳಿ, ಮಧ್ಯದ ಸಾಲಿನ ತುದಿಯಲ್ಲಿ ಕೂತಿದ್ದ ಗುಬ್ಬಿಯ ಮೇಲೆ ನಿಂತವು. ಗುಬ್ಬಿ ಮೊದಲು ಸ್ಪೀಕರ್ ನೋಡಿದಳು. ಕನ್ನಡಿಯಲ್ಲಿ ತನ್ನ ಬದಲು ಇನ್ನಾರೋ ಕಂಡವರ ಹಾಗೆ ಒಂದು ಗಳಿಗೆ ಬಾಯಿ ತೆರೆದುಕೊಂಡೇ ಇತ್ತು. ಆಮೇಲೆ ಮುಚ್ಚಿಕೊಂಡು ಹಾಳೆಯ ಮೇಲೆ ಬಗ್ಗಿದಳು.

ಡಾಕ್ಟರ ಮಗಳು ರೇಡಿಯೋಳ ಪಕ್ಕೆ ತಿವಿದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. "ಇವಳು ನಿನ್ನ ರೂಮಿನವಳಲ್ಲವಾ?"

"ಇರಬಹುದು" ಎಂದಳು ರೇಡಿಯೋ. ಡಾಕ್ಟರ ಮಗಳು ಬಾಯಿಗೆ ಕರ್ಚೀಫು ಒತ್ತಿ ನಗುತ್ತಿದ್ದಳು. ರೇಡಿಯೋನೂ ನಕ್ಕಳು. ನಗುವುದೇನು ಕಷ್ಟವಾಗಲಿಲ್ಲ, ಅಷ್ಟು ಚೆನ್ನಾಗಿತ್ತು ಅದು.

ಸಂಜೆ ಗುಬ್ಬಿ ಒಣಗಿದ ಬಟ್ಟೆ ಮಡಿಸುತ್ತ, ಇತ್ತ ತಿರುಗದೆ ಕೇಳಿದಳು. "ಅಕ್ಕ, ನಾನು ಲ್ಯಾಬಿಗೆ ಹೋಗೇ ಇಲ್ಲ. ಆ ಐದನೇದು ಯಾರು?"

ರೇಡಿಯೋ ಉತ್ತರವನ್ನು ದಾರಿಯಲ್ಲೇ ಕಟ್ಟಿಕೊಂಡು ಬಂದಿದ್ದಳು. "ಹೋದ ವರ್ಷ ಓದೋ ಪರೀಕ್ಷೆಯಲ್ಲಿ ಎಲ್ಲರದ್ದೂ ರೆಕಾರ್ಡ್ ಮಾಡಿದ್ರಲ್ಲ, ಅದ್ರಿಂದ ತಗೊಂಡಿರ್ಬೇಕು ಮೇಡಂ. ಹೇಳದೆ ಕೇಳದೆ ಹಾಕಿಬಿಟ್ಟಿದಾರೆ. ನೀನು ತಲೆ ಕೆಡಿಸ್ಕೋಬೇಡ."

"ಹೋದ ವರ್ಷ ಈ ಪೆಟ್ಟಿಗೆ ಪಾಠ ಇತ್ತಾ?"

"ಇತ್ತು ಅನ್ಸುತ್ತೆ."

"ಹೌದಾ" ಎಂದಳು ಗುಬ್ಬಿ. ಮಡಿಸಿದ ಬಟ್ಟೆಯಲ್ಲಿ ಅಕ್ಕನದನ್ನು ಅಕ್ಕನ ಮಂಚದ ಮೇಲಿಟ್ಟು, ತನ್ನದನ್ನು ತನ್ನ ಮಂಚದ ಮೇಲಿಟ್ಟಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ರೇಡಿಯೋ ನೆಮ್ಮದಿಯಿಂದ ಕಾಲು ಚಾಚಿದಳು.

ಹಾಳೆಗಳ ಅಂಕ ಕೂಡುವ ಕೆಲಸವನ್ನು ಮೇಡಂ ರೇಡಿಯೋಗೇ ವಹಿಸಿದರು. ಗುಟ್ಟು ಬಲ್ಲವಳು ಅವಳೊಬ್ಬಳೇ, ಇನ್ನಾರಿಗೆ ಕೊಡುತ್ತಾರೆ? ಮೇಡಂ ಕೋಣೆಯ ಮೂಲೆಯಲ್ಲಿ ಕೂತು ಒಂದೊಂದೇ ಹಾಳೆ ತಿರುವಿದಳು. ಎರಡನೇ ದನಿಗೆ ಬುದ್ಧಿವಂತಿಕೆಯಲ್ಲಿ ಎಂಟು, ಒಂಬತ್ತು. ಐದನೆಯದಕ್ಕೆ ಎರಡು, ಒಂದು, ಎರಡು. ಆದರೆ ನಂಬಿಕೆಯ ಕಾಲಮ್ಮಿನಲ್ಲಿ ಐದನೆಯದಕ್ಕೆ ಎಲ್ಲರೂ ಧಾರಾಳಿಗಳಾಗಿದ್ದರು. ಎಂಟು, ಎಂಟು, ಒಂಬತ್ತು. ದಡ್ಡರು ಮೋಸ ಮಾಡುವುದಿಲ್ಲ ಎಂಬ ಲೆಕ್ಕ. ಯಾವ ಕೆಲಸ ಎಂಬ ಕಡೆ ಒಬ್ಬರು 'ನೆಲ ಒರೆಸಬಹುದು' ಎಂದು ಬರೆದಿದ್ದರು, ಇನ್ನೊಬ್ಬರು 'ಫೋನ್ ಎತ್ತದಿರುವ ಯಾವ ಕೆಲಸವಾದರೂ'. ಡಾಕ್ಟರ ಮಗಳ ದುಂಡು ಅಕ್ಷರದಲ್ಲಿ, 'ನನ್ನ ಅಜ್ಜಿಯನ್ನು ನೋಡಿಕೊಳ್ಳಲಿ, ಅಜ್ಜಿಗೆ ಕಿವಿ ಕೇಳಿಸುವುದಿಲ್ಲ' ಎಂದಿತ್ತು.

ಐವತ್ತರ ಮೇಲಿನ ಯಾವುದೋ ಹಾಳೆಗೆ ಬಂದಾಗ ರೇಡಿಯೋಳ ಕೈ ನಿಂತಿತು. ಸಣ್ಣ ಸಣ್ಣ ನೆಟ್ಟಗಿನ ಅಕ್ಷರ. ಎರಡು ವರ್ಷದಿಂದ ಅವಳ ಪ್ರಬಂಧಗಳನ್ನೆಲ್ಲ ಬರೆದ ಅಕ್ಷರ. ಅರವತ್ತಮೂರರಲ್ಲಿ ಇಂಗ್ಲಿಷಿನ ಒಂದು ತಪ್ಪೂ ಇಲ್ಲದ ಹಾಳೆ ಅದೊಂದೇ. ಐದನೇ ದನಿಗೆ ಬುದ್ಧಿವಂತಿಕೆಯಲ್ಲಿ ಹತ್ತು, ನಂಬಿಕೆಯಲ್ಲಿ ಸೊನ್ನೆ. ಒಂದೇ ಕೋಣೆಯಲ್ಲಿ ಇರುತ್ತೀರಾ ಎಂದದ್ದಕ್ಕೆ 'ಇದ್ದೇನೆ' ಎಂದು ಬರೆದಿತ್ತು. ಯಾವ ಕೆಲಸ ಎಂದದ್ದಕ್ಕೆ, 'ಏನು ಬೇಕಾದರೂ ಮಾಡಿಯಾಳು'. ರೇಡಿಯೋ ಮೇಲಕ್ಕೆ ಕಣ್ಣು ಹಾಯಿಸಿದಳು. ಎರಡನೇ ದನಿಗೂ ಹತ್ತು, ಸೊನ್ನೆ. ಮಾತುಗಳೂ ಅವೇ.

ಹಾಲಿನಲ್ಲಿ ಬಗ್ಗಿ ಕೂತಾಗಲೇ ಅವಳು ಇದನ್ನು ಬರೆದಿದ್ದಳು. ಸಂಜೆ ಬಟ್ಟೆ ಮಡಿಸುತ್ತ ಯಾರು ಎಂದು ಕೇಳಿದ್ದು ತಿಳಿಯದೆ ಅಲ್ಲ.

"ಏನಾಯ್ತು?" ಎಂದು ಮೇಡಂ ಎದ್ದು ಬಂದರು. ಹಾಳೆ ತೆಗೆದುಕೊಂಡು ನೋಡಿ ಹುಬ್ಬು ಗಂಟಿಕ್ಕಿದರು. "ಎರಡಕ್ಕೂ ಒಂದೇ ಅಂಕ ಕೊಟ್ಟಿದಾರೆ. ಪ್ರಶ್ನೆ ಅರ್ಥ ಆಗಿಲ್ಲ, ಪಾಪ, ತಲೆಬುಡ ಇಲ್ಲದೆ ತುಂಬಿದಾರೆ. ಇಂಥದ್ದು ಸೇರಿದ್ರೆ ಲೆಕ್ಕ ಕೆಡುತ್ತೆ. ಪಕ್ಕಕ್ಕಿಡು."

"ಸರಿ ಮೇಡಂ" ಎಂದಳು ರೇಡಿಯೋ. ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ಕಸದ ಬುಟ್ಟಿಗೆ ಹಾಕಿದಳು. ಅರವತ್ತೆರಡು ಹಾಳೆಗಳ ಸರಾಸರಿ ತುಂಬ ಚೆನ್ನಾಗಿ ಬಂತು.

ಅಷ್ಟರಲ್ಲಿ ತರಗತಿಯಲ್ಲಿ ಗುಬ್ಬಿಗೆ ಐದನೇ ನಂಬರ್ ಎಂದು ಹೆಸರು ಬಿದ್ದಿತ್ತು. ಅವಳು ಬಾಗಿಲಲ್ಲಿ ಕಾಲಿಟ್ಟರೆ ಹಿಂದಿನ ಬೆಂಚು ಪೂರ್ತಿ ಸ್ಸ್ ಎಂದು ಉಸಿರೆಳೆಯುವುದು. ಗ್ರಂಥಾಲಯದಲ್ಲಿ ಪುಸ್ತಕ ಕೇಳಲು ನಿಂತರೆ ಹಿಂದಿನಿಂದ ಯಾರೋ, "ಮೇಡಂ, ಅವರ ಪೆಟ್ಟಿಗೆ ಕಳೆದಿದೆ, ಹುಡುಕಿಕೊಡಿ" ಎನ್ನುವುದು. ಡಾಕ್ಟರ ಮಗಳು ಒಂದು ದಿನ ಊಟದ ಕೋಣೆಯಲ್ಲಿ ಬಹಳ ಪ್ರೀತಿಯಿಂದ ಅವಳನ್ನು ಕರೆದು ಕೂರಿಸಿಕೊಂಡು, ಮೆನು ಹಲಗೆ ತೋರಿಸಿ, ಇದನ್ನೊಂದಿಷ್ಟು ಓದು ಎಂದು ಕೇಳಿದಳು. ಗುಬ್ಬಿ ಎದ್ದು ಹೋದಳು. "ಕೊಬ್ಬು ನೋಡು" ಎಂದು ಡಾಕ್ಟರ ಮಗಳು ಬಾಯಿತಪ್ಪಿ ಮನೆಮಾತಿನಲ್ಲೇ ಅಂದುಬಿಟ್ಟಳು. ಅವತ್ತು ಅವಳೇ ಎಲ್ಲರ ತಟ್ಟೆ ತೊಳೆಯಬೇಕಾಯಿತು, ಮೇಜಿಗೆ ಮೇಜೇ ನಕ್ಕಿತು.

ಗುಬ್ಬಿ ಮೊದಲು ಇಂಗ್ಲಿಷ್ ಆಡುವುದನ್ನು ಬಿಟ್ಟಳು. ಆಮೇಲೆ ತರಗತಿಯಲ್ಲಿ ಯಾವ ಮಾತನ್ನೂ ಆಡುವುದನ್ನು ಬಿಟ್ಟಳು. ಅದು ಅವಳ ಕುತ್ತಿಗೆಗೆ ಬಂತು. ಇಂಗ್ಲಿಷ್ ವ್ಯಾಕರಣದ ಸರ್ ಬೇರೆ ಪ್ರಾಂತದಿಂದ ಬಂದವರು, ಇಲ್ಲಿಯ ಮಾತು ಬಾರದು, ಕಲಿಯುವ ಗೋಜಿಗೂ ಹೋದವರಲ್ಲ. ಅವರು ಪುಸ್ತಕದಿಂದ ತಲೆ ಎತ್ತದೆ ಹಾಜರಿ ಕರೆಯುತ್ತಿದ್ದರು. ನಂಬರು ಕರೆದಾಗ 'ಎಸ್ ಸರ್' ಎಂದು ಕೇಳಿಸಿದರೆ ಬಂದಂತೆ, ಇಲ್ಲವಾದರೆ ಇಲ್ಲ. ಗುಬ್ಬಿಯ ನಂಬರು ನಲವತ್ತೊಂದು. ಅದನ್ನು ಕರೆದ ಕೂಡಲೇ ಹಿಂದಿನ ಬೆಂಚು ಉಸಿರೆಳೆದು ಕಾಯುತ್ತಿತ್ತು. ಗುಬ್ಬಿ ಕೈ ಎತ್ತುವಳು. ಸರ್ ನೋಡರು. ನಲವತ್ತೆರಡು ಎನ್ನುವರು.

ಒಬ್ಬರ ಹಾಜರಿಯನ್ನು ಇನ್ನೊಬ್ಬರು ಕೂಗುವುದು ಆ ತರಗತಿಯಲ್ಲಿ ದಿನವೂ ನಡೆಯುತ್ತಿದ್ದ ಕಳ್ಳಾಟ. ರೇಡಿಯೋ ಎಷ್ಟೋ ಜನರಿಗೆ ಕೂಗಿದ್ದಳು. ನಲವತ್ತೊಂದು ಎಂದಾಗ ಅವಳು ತಂಗಿಯ ದನಿಯಲ್ಲಿ ಒಂದು 'ಎಸ್ ಸರ್' ಅಂದಿದ್ದರೆ ಸಾಕಿತ್ತು, ಸರ್‌ಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಆದರೆ ಬೆಂಚಿನವರಿಗೆ ತಿಳಿಯುತ್ತಿತ್ತು. ಪ್ರತಿ ದಿನ ನಲವತ್ತೊಂದು ಬರುವಾಗ ರೇಡಿಯೋ ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡುತ್ತ ಕೂತಿರುತ್ತಿದ್ದಳು.

ಒಂದು ರಜಾ ದಿನ ಅವಳಿಗೆ ತಡೆಯಲಾಗಲಿಲ್ಲ. ಬಿಸಿ ತುಪ್ಪವನ್ನು ಎಷ್ಟು ದಿನ ಬಾಯಲ್ಲಿಟ್ಟುಕೊಂಡು ಕೂರುವುದು? ಗುಬ್ಬಿ ಕಿಟಕಿಯ ಬಳಿ ಓದುತ್ತಿದ್ದಳು.

"ನಿನಗೆ ಗೊತ್ತು" ಎಂದಳು ರೇಡಿಯೋ.

ಗುಬ್ಬಿ ಪುಸ್ತಕದಲ್ಲಿ ಬೆರಳಿಟ್ಟು ನೋಡಿದಳು.

"ಗೊತ್ತಿದ್ದೂ ಯಾಕೆ ಯಾರಿಗೂ ಹೇಳಿಲ್ಲ? ಅದು ನಾನಲ್ಲ, ಅವಳು ಅಂತ ಹೇಳ್ಬಹುದಿತ್ತಲ್ಲ."

"ಯಾವ ದನೀಲಿ ಹೇಳ್ಲಿ?" ಎಂದಳು ಗುಬ್ಬಿ. ಸಿಟ್ಟಿರಲಿಲ್ಲ, ನಿಜವಾಗಿಯೂ ಉತ್ತರ ಬೇಕಾದವಳ ಹಾಗೆ ಕೇಳಿದಳು. "ಬಾಯಿ ಬಿಟ್ರೆ ನೀನು ಓದಿದ ಹಾಗೇ ಕೇಳ್ಸುತ್ತೆ. ಉಸಿರು ತಗೊಳ್ತೀನಲ್ಲ, ಅದು ನನಗೆ ಗೊತ್ತೇ ಇರ್ಲಿಲ್ಲ ಅಕ್ಕ. ಈಗ ಪ್ರತಿ ಸಲ ಕೇಳ್ಸುತ್ತೆ. ನಾನೇ ನಿನ್ನ ಥರ ಮಾಡ್ತಿದೀನಿ ಅನ್ಸುತ್ತೆ."

"ತಪ್ಪಾಯ್ತು ಅಂತ ಹೇಳ್ಬೇಕಾ ನಾನು?"

"ಬೇಡ. ನೀನು ಅದನ್ನೂ ಚೆನ್ನಾಗೇ ಹೇಳ್ತೀಯ."

ಅವತ್ತಿನಿಂದ ಪ್ರಬಂಧಗಳೂ ನಿಂತವು.

ಪರೀಕ್ಷೆಗೆ ಮೂರು ವಾರವಿದ್ದಾಗ, ಹಾಜರಿ ಸಾಲದೆ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ ಗೋಡೆಗೆ ಅಂಟಿತು. ನಲವತ್ತೊಂದು ಅದರಲ್ಲಿತ್ತು. ಮನೆಯವರನ್ನು ಕರೆಸಬೇಕೆಂದು ಚೀಟಿ ಬಂತು. ಅಣ್ಣತಮ್ಮಂದಿರಿಬ್ಬರೂ ಅಂಗಡಿ ಮುಚ್ಚಿ, ಬೆಳಗಿನ ಮೊದಲ ಬಸ್ಸು ಹಿಡಿದು ಬಂದರು. ಒಗೆದ ಅಂಗಿಯನ್ನೇ ಹಾಕಿದ್ದರೂ ಕಿವಿಯ ಹಿಂದೆ, ಹುಬ್ಬಿನಲ್ಲಿ ಅರಳೆಯ ಎಳೆ ಉಳಿದಿತ್ತು. ವಿಭಾಗದ ಮೆಟ್ಟಿಲ ಬಳಿ ಕಿಟಕಿ ಬೆಂಚಿನವರು ನಿಂತಿದ್ದರಿಂದ ರೇಡಿಯೋ ಅವರನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು.

ವ್ಯಾಕರಣದ ಸರ್ ಕೋಣೆಯಲ್ಲಿ ಇದ್ದದ್ದು ಎರಡೇ ಕುರ್ಚಿ. ಅಪ್ಪ, ಚಿಕ್ಕಪ್ಪ ಇಬ್ಬರೂ ಕೂರಲಿಲ್ಲ. ಗುಬ್ಬಿ ತನ್ನ ಅಪ್ಪನ ಪಕ್ಕದಲ್ಲಿ ನಿಂತಳು, ರೇಡಿಯೋ ಮೇಜಿನ ಪಕ್ಕದಲ್ಲಿ, ಸರ್‌ಗೂ ಮನೆಯವರಿಗೂ ನಡುವೆ.

ಸರ್ ರಿಜಿಸ್ಟರ್ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. ರೇಡಿಯೋ ಅಪ್ಪನವರಿಗೆ ತಿರುಗಿಸಿದಳು. "ನೂರಕ್ಕೆ ನಲವತ್ತು ದಿನಾನೂ ಬಂದಿಲ್ಲ ಅಂತಿದಾರೆ."

"ಬಂದಿಲ್ವಾ? ಹಾಸ್ಟೆಲಲ್ಲೇ ಇದಾಳಲ್ಲ, ಇಲ್ಲಿಗಲ್ದೆ ಎಲ್ಲಿಗೆ ಹೋಗ್ತಾಳೆ?" ಎಂದರು ಚಿಕ್ಕಪ್ಪ. "ನೀನೇ ನೋಡಿದೀಯಲ್ಲಮ್ಮ. ಬಂದಿದಾಳೆ ಅಂತ ಹೇಳು ಅವ್ರಿಗೆ."

ರೇಡಿಯೋ ಹೇಳಿದಳು. ಸರ್ ಕನ್ನಡಕ ತೆಗೆದರು. ಕೆಟ್ಟ ಮನುಷ್ಯನೇನಲ್ಲ ಅವರು, ಅವಸರದ ಮನುಷ್ಯ. ಬಂದಿದ್ದರೆ ಕೂಗಿದಾಗ ಉತ್ತರ ಕೊಡಬೇಕಿತ್ತು ಎಂದರು. ಒಂದು ಕ್ಷಣ ಯೋಚಿಸಿ, ಇರಲಿ, ಈಗಲಾದರೂ ನನ್ನೆದುರು ಬಾಯಿಬಿಟ್ಟು ಒಂದು ವಾಕ್ಯ ಹೇಳಲಿ, ನಾನು ತರಗತಿಯಲ್ಲಿದ್ದೆ ಎಂದು ಹೇಳಿದರೆ ಸಾಕು, ಸಹಿ ಹಾಕುತ್ತೇನೆ ಎಂದರು.

"ಒಂದು ಮಾತು ಹೇಳಿದ್ರೆ ಸಾಕಂತೆ" ಎಂದಳು ರೇಡಿಯೋ. "ಇಂಗ್ಲಿಷಲ್ಲಿ. ಕ್ಲಾಸಲ್ಲಿದ್ದೆ ಅಂತ."

ಚಿಕ್ಕಪ್ಪನ ಮುಖ ಅರಳಿತು. "ಅಷ್ಟೇನಾ? ಹೇಳು ಮಗಳೇ. ಹೇಳಿಬಿಡು, ಹೋಗೋಣ."

ಗುಬ್ಬಿ ಬಾಯಿ ತೆರೆದಳು. ಉಸಿರೆಳೆದುಕೊಂಡಳು. ಆ ಚಿಕ್ಕ ಕೋಣೆಯಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು, ಸ್ಸ್ ಎಂದು. ಅಲ್ಲಿಗೇ ನಿಂತಿತು. ಅವಳ ಕಣ್ಣು ಅಪ್ಪನನ್ನು ಬಿಟ್ಟು, ಸರ್‌ನನ್ನು ಬಿಟ್ಟು, ರೇಡಿಯೋ ಕಡೆಗೆ ಹೊರಳಿತು.

"ಅಕ್ಕನೇ ಹೇಳ್ಲಿ" ಎಂದಳು ಮನೆಮಾತಿನಲ್ಲಿ. "ನನ್ನ ದನೀಲಿ ನನಗಿಂತ ಅವಳೇ ಚೆನ್ನಾಗಿ ಹೇಳ್ತಾಳೆ. ಯಾಕೆ ಅಂತಾನೂ ಹೇಳ್ಲಿ."

ಮಗಳಿಗೆ ನಾಚಿಕೆ ಎಂದುಕೊಂಡರು ಚಿಕ್ಕಪ್ಪ. "ಹಾಗೇ ಮಾಡಮ್ಮ, ನೀನೇ ಹೇಳು" ಎಂದು ರೇಡಿಯೋ ಮುಖ ನೋಡಿದರು.

ಸರ್ ಅವಳತ್ತ ತಿರುಗಿ, ಏನಂದಳು ಎಂದು ಕೇಳಿದರು.

ತೆರೆದ ಬಾಗಿಲಾಚೆ ಡಾಕ್ಟರ ಮಗಳ ನಗು ಕೇಳಿಸುತ್ತಿತ್ತು, ಮೆಟ್ಟಿಲು ಹತ್ತಿ ಬರುತ್ತಿದ್ದಳು. ನಿಜ ಹೇಳಲು ನಾಲ್ಕು ವಾಕ್ಯ ಬೇಕಿತ್ತು. ರೇಡಿಯೋ ನಾಲಿಗೆ ಅಷ್ಟು ಹೊತ್ತು ಕಾಯಲಿಲ್ಲ. ತನ್ನ ಅತ್ಯಂತ ಸೊಗಸಾದ ಇಂಗ್ಲಿಷಿನಲ್ಲಿ, ತುಸು ವಿಷಾದ ಬೆರೆಸಿ, "ಅವಳಿಗೆ ಮುಂದೆ ಓದುವ ಇಷ್ಟವಿಲ್ಲವಂತೆ ಸರ್" ಎಂದಳು.

ಹಾಗಿದ್ದರೆ ಇವರನ್ನೆಲ್ಲ ಕರೆತಂದು ನನ್ನ ಹೊತ್ತು ಯಾಕೆ ಹಾಳುಮಾಡಿದಿರಿ ಎಂದು ಸರ್ ರಿಜಿಸ್ಟರ್ ಮುಚ್ಚಿದರು.

"ಏನಂತೆ?" ಎಂದು ಅಪ್ಪ ಕೇಳಿದರು.

"ಆಗಲ್ಲ ಅಂತಿದಾರೆ ಅಪ್ಪ. ನಾನು ಎಷ್ಟು ಹೇಳಿದ್ರೂ ಒಪ್ತಿಲ್ಲ."

ಆ ಕೋಣೆಯಲ್ಲಿ ಎರಡೂ ಮಾತು ಬಲ್ಲವರು ಇದ್ದದ್ದು ಇಬ್ಬರೇ. ರೇಡಿಯೋ ತಂಗಿಯ ಕಡೆ ನೋಡಲಿಲ್ಲ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದಳು. ಗುಬ್ಬಿ ತುಟಿ ಪಿಟಕ್ಕೆನ್ನಲಿಲ್ಲ. ಚಿಕ್ಕಪ್ಪ ಸರ್‌ಗೆ ಎರಡು ಸಲ ಕೈಮುಗಿದರು; ಅವರು ಆಗಲೇ ಬೇರೆ ಕಾಗದ ನೋಡುತ್ತಿದ್ದರು.

ಮಧ್ಯಾಹ್ನದ ಬಸ್ಸಿಗೆ ಗುಬ್ಬಿಯ ಪೆಟ್ಟಿಗೆ, ಹಾಸಿಗೆ ಸುರುಳಿ ಎಲ್ಲ ಏರಿದವು. ಬಸ್ ನಿಲ್ದಾಣದಲ್ಲಿ ಚಿಕ್ಕಪ್ಪ ರೇಡಿಯೋ ತಲೆಯ ಮೇಲೆ ಕೈಯಿಟ್ಟರು. "ನೀನಿಲ್ದಿದ್ರೆ ಅವ್ರು ಏನಂದ್ರು ಅಂತಾನೂ ನಮಗೆ ತಿಳೀತಿರ್ಲಿಲ್ಲ ತಾಯಿ. ನೀನಾದ್ರೂ ಚೆನ್ನಾಗಿ ಓದು" ಎಂದರು. ಗುಬ್ಬಿ ಬಸ್ಸಿನೊಳಗೆ ಆಚೆ ಬದಿಯ ಕಿಟಕಿಗೆ ಕೂತಿದ್ದಳು.

ಒಂದು ವಾರಕ್ಕೆ ಡಾಕ್ಟರ ಮಗಳು ಆ ಖಾಲಿ ಮಂಚಕ್ಕೆ ಬಂದಳು. ಮೇಡಂ ಅವರ ಡಾಕ್ಟರೇಟ್ ಪ್ರಬಂಧ ಒಪ್ಪಿಗೆಯಾಯಿತು. ಮುನ್ನುಡಿಯಲ್ಲಿ ಹೆಸರು ಹೇಳಲಾಗದ ಒಬ್ಬ ಪ್ರತಿಭಾವಂತ ವಿದ್ಯಾರ್ಥಿನಿಗೆ ಕೃತಜ್ಞತೆ ಇತ್ತು. ರೇಡಿಯೋ ಬರವಣಿಗೆಯಲ್ಲಿ ಕಷ್ಟಪಟ್ಟು, ಮಾತಿನ ಪರೀಕ್ಷೆಯಲ್ಲಿ ಮೊದಲಿಗಳಾಗಿ, ಒಟ್ಟಿನಲ್ಲಿ ಪಾಸಾದಳು. ಮುಂದಿನ ವರ್ಷ ಮೇಡಂ ಅವಳಿಗೆ ಹೊಸ ಮಕ್ಕಳಿಗೆ ಉಚ್ಚಾರಣೆ ಕಲಿಸುವ ಕೆಲಸ ಕೊಡಿಸುವುದಾಗಿ ಹೇಳಿದರು.

ರಜೆಗೆ ಮನೆಗೆ ಹೋದಾಗ ಗುಬ್ಬಿ ಅಂಗಡಿಯಲ್ಲಿದ್ದಳು. ನೆಲದ ಮೇಲೆ ಇಬ್ಬರು ಮಲಗುವ ಹಾಸಿಗೆ ಹರಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗೇಣುದ್ದದ ಸೂಜಿಯಿಂದ ಅಂಚು ಹೊಲಿಯುತ್ತಿದ್ದಳು. ಗಿರಾಕಿಗಳ ಜೊತೆ ಅವಳು ಮಾತಾಡುತ್ತಾಳೆ, ಚೌಕಾಸಿಯನ್ನೂ ಮಾಡುತ್ತಾಳೆ ಎಂದು ಅಪ್ಪ ಹೇಳಿದ್ದರು. ರೇಡಿಯೋ ಹೊಸ್ತಿಲಲ್ಲಿ ನಿಂತಾಗ ಮಾತ್ರ ಅಂಗಡಿಯಲ್ಲಿ ಸೂಜಿಯ ಸದ್ದು ಬಿಟ್ಟು ಇನ್ನೇನಿರಲಿಲ್ಲ.

"ಮುಂದಿನ ವರ್ಷ ಮತ್ತೆ ಸೇರ್ಕೋಬಹುದಂತೆ. ನಾನು ಆಫೀಸಲ್ಲಿ ವಿಚಾರಿಸಿದೀನಿ" ಎಂದಳು ರೇಡಿಯೋ.

"ನನಗೆ ಇಷ್ಟ ಇಲ್ವಲ್ಲ."

"ಗುಬ್ಬಿ..."

ಗುಬ್ಬಿ ಬಟ್ಟೆಯೊಳಗಿನಿಂದಲೇ, "ಆ ತುದಿ ಎಳೆದು ಹಿಡ್ಕೋ. ಸುಕ್ಕು ಬೀಳ್ತಿದೆ" ಎಂದಳು.

ರೇಡಿಯೋ ಮಂಡಿಯೂರಿ ಕೂತು ತುದಿ ಎಳೆದು ಹಿಡಿದಳು. ಸೂಜಿ ಒಂದೊಂದೇ ಹೊಲಿಗೆಯಾಗಿ ಅವಳ ಕೈಯ ಕಡೆಗೆ ಬರುತ್ತಿತ್ತು. ಹತ್ತಿರ ಬಂದಾಗ ಸರಿಸು ಎಂದು ಗುಬ್ಬಿ ಹೇಳಲಿಲ್ಲ. ರೇಡಿಯೋ ತಾನೇ ನೋಡಿ ನೋಡಿ ಬೆರಳು ಸರಿಸಿಕೊಳ್ಳಬೇಕಾಗಿತ್ತು. ಅರಳೆಯ ಧೂಳಿಗೆ ಅವಳ ಗಂಟಲು ಕೆರೆಯಿತು, ಕೆಮ್ಮಲು ಕೈ ಬಿಡುವಂತಿರಲಿಲ್ಲ. ಒಳಗಿನಿಂದ ಚಿಕ್ಕಮ್ಮ ಇಣುಕಿ ನೋಡಿ, ಅಕ್ಕತಂಗಿ ಮೊದಲಿನ ಹಾಗೆ ಜೊತೆಗೆ ಕೂತಿದ್ದಾರೆಂದು ಸಮಾಧಾನಪಟ್ಟು, ಸದ್ದಾಗದ ಹಾಗೆ ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದರು.